ಹಳೇ ಕಿಮೋನೋ ಚೂರುಗಳ ತೂಗುಗೊಂಬೆ

ದಸರಾಕ್ಕೆ ಗೊಂಬೆ ಕೂರಿಸುವ ನಮಗೆ ಜಪಾನಿನ ಹಿನಾಮತ್ಸುರಿ ಹಬ್ಬ ಏನೂ ಅಪರಿಚಿತ ಅನ್ನಿಸುವುದಿಲ್ಲ. ಮಾರ್ಚ್ 3ರಂದು ಹೆಣ್ಣುಮಕ್ಕಳಿರುವ ಮನೆಯಲ್ಲಿ ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ಗೊಂಬೆ ಜೋಡಿಸುತ್ತಾರೆ. ಮೇಲಿನ ಮೆಟ್ಟಿಲಲ್ಲಿ ರಾಜ-ರಾಣಿ, ಥೇಟ್ ನಮ್ಮ ಪಟ್ಟದ ಗೊಂಬೆಗಳ ಹಾಗೆ. ಕೆಳಗೆ ಸೇವಕಿಯರು, ವಾದ್ಯದವರು. ಹಬ್ಬ ಮುಗಿದ ಕೂಡಲೇ ಎತ್ತಿಡಬೇಕು, ತಡಮಾಡಿದರೆ ಮಗಳ ಮದುವೆಯೂ ತಡವಾಗುತ್ತದೆ ಅನ್ನುವ ನಂಬಿಕೆ ಬೇರೆ!

ಆದರೆ ನಾನು ಇಲ್ಲಿ ಬರೆಯಹೊರಟಿದ್ದು ಆ ಗೊಂಬೆಗಳ ಬಗ್ಗೆ ಅಲ್ಲ. ಎದೋ ಕಾಲದಲ್ಲಿ (1603-1868) ಅವು ಸಿಕ್ಕಾಪಟ್ಟೆ ದುಬಾರಿ. ಶ್ರೀಮಂತ ವರ್ತಕರು ಪೈಪೋಟಿಗೆ ಬಿದ್ದು ದೊಡ್ಡದೊಡ್ಡ ಗೊಂಬೆ ಮಾಡಿಸತೊಡಗಿದಾಗ, 1721ರಲ್ಲಿ ತೊಕುಗಾವ ಸರ್ಕಾರ ಎಂಟು 'ಸುನ್', ಅಂದರೆ ಸುಮಾರು 24 ಸೆಂ.ಮೀ.ಗಿಂತ ಎತ್ತರದ ಗೊಂಬೆ ಕೂಡದು ಅಂತ ಕಟ್ಟಳೆ ಮಾಡಬೇಕಾಯಿತು. ಹಾಗಾದರೆ ಮೀನು ಹಿಡಿದು ಬದುಕುವವನ ಮನೆಯಲ್ಲಿ ಹೆಣ್ಣುಮಗು ಹುಟ್ಟಿದರೆ? ಗೊಂಬೆ ಕೊಳ್ಳಲು ಕಾಸಿಲ್ಲ, ಮಗುವಿನ ಮೊದಲ ಹಬ್ಬವನ್ನು ಸುಮ್ಮನೆ ಬಿಡಲು ಮನಸ್ಸಿಲ್ಲ. ಅಮ್ಮ, ಅಜ್ಜಿ, ನೆರೆಮನೆಯ ಹೆಂಗಸರು ಸೇರಿ ಹಳೇ ಕಿಮೋನೋಗಳ ಚೂರುಗಳಲ್ಲಿ ಅಂಗೈಯಗಲದ ಪುಟ್ಟ ಪುಟ್ಟ ಆಕೃತಿ ಹೊಲಿದು, ದಾರಕ್ಕೆ ಪೋಣಿಸಿ ಮನೆಯೊಳಗೆ ತೂಗುಹಾಕಿದರು. ಇದಕ್ಕೆ 'ತ್ಸುರುಶಿ ಕಝಾರಿ' ಅನ್ನುತ್ತಾರೆ. ತೂಗುವ ಅಲಂಕಾರ, ಅಷ್ಟೇ ಅರ್ಥ.

ಇದಕ್ಕೆ ಮೂರು ಊರುಗಳು ಹೆಸರುವಾಸಿ. ಶಿಝುವೋಕಾ ಪ್ರಾಂತ್ಯದ ಇಝು ಕರಾವಳಿಯ ಇನಾತೊರಿ, ದಕ್ಷಿಣದಲ್ಲಿ ಫುಕುವೋಕಾದ ಯಾನಾಗಾವಾ, ಉತ್ತರದಲ್ಲಿ ಯಾಮಾಗಾತಾದ ಸಕಾತಾ. ಸಕಾತಾದಲ್ಲಿ ಛತ್ರಿಯ ಅಂಚಿನಿಂದ ತೂಗುಹಾಕುತ್ತಾರೆ, ಹೆಸರು 'ಕಸಾಫುಕು'. ಯಾನಾಗಾವಾದ 'ಸಾಗೆಮೊನ್'ನಲ್ಲಿ ಏಳು ದಾರ, ದಾರಕ್ಕೆ ಏಳೇಳು ಆಕೃತಿ, ಒಟ್ಟು 49. ನಡುವೆ ಬಣ್ಣದ ದಾರ ಸುತ್ತಿದ ಎರಡು ದೊಡ್ಡ ಚೆಂಡು ಸೇರಿದರೆ 51. ಮನುಷ್ಯನ ಆಯಸ್ಸು ಐವತ್ತು ಅಂತ ಎಣಿಸುತ್ತಿದ್ದ ಕಾಲ ಅದು. ನಮ್ಮ ಮಗಳು ಒಂದು ವರ್ಷವಾದರೂ ಹೆಚ್ಚು ಬದುಕಲಿ ಅನ್ನುವ ಆಸೆ. ಈ ಒಂದು ಲೆಕ್ಕದಲ್ಲಿ ಎಷ್ಟು ಭಯ ಅಡಗಿದೆ ನೋಡಿ. ಇನಾತೊರಿಯದು ಐದು ದಾರ, ಹನ್ನೊಂದರಂತೆ 55 ಆಕೃತಿ. ಅಂಥ ಎರಡನ್ನು ಜೋಡಿಯಾಗಿ ಕಟ್ಟುವುದರಿಂದ ಒಟ್ಟು 110.

ಒಂದೊಂದು ಆಕೃತಿಗೂ ಒಂದೊಂದು ಹರಕೆ. ಜಪಾನಿ ಭಾಷೆಯಲ್ಲಿ 'ಸರು' ಅಂದರೆ ಮಂಗ, 'ಸರು' ಅಂದರೆ ತೊಲಗು ಅಂತಲೂ ಆಗುತ್ತದೆ, ಹಾಗಾಗಿ ಮಂಗ ಕಂಡರೆ ಪೀಡೆ ತೊಲಗುತ್ತದೆ. ಪೀಚ್ ಹಣ್ಣು ದುಷ್ಟಶಕ್ತಿ ಓಡಿಸುತ್ತದೆ. 712ರ 'ಕೊಜಿಕಿ'ಯಲ್ಲೇ ಇಝಾನಾಗಿ ದೇವರು ಪಾತಾಳದಿಂದ ಬೆನ್ನಟ್ಟಿ ಬಂದವರ ಮೇಲೆ ಪೀಚ್ ಹಣ್ಣು ಎಸೆದು ಪಾರಾದ ಕತೆಯಿದೆ. ಮೂರುಮೂಲೆಯ ಪೊಟ್ಟಣ ಔಷಧದ ಚೀಲ, ಅಂದರೆ ಕಾಯಿಲೆ ಬಾರದಿರಲಿ ಅಂತ. ಇನಾತೊರಿಯವರಿಗೆ ಇವು ಮೂರೂ ಬಹಳ ಮುಖ್ಯ. ಅಂಬೆಗಾಲಿಡುವ ಮಗು ಇರುತ್ತದೆ, ಗೂಬೆ ಇರುತ್ತದೆ (ನಮ್ಮಲ್ಲಿ ಅಪಶಕುನ, ಅಲ್ಲಿ ಅದರ ಹೆಸರಿನಲ್ಲೇ 'ಕಷ್ಟವಿಲ್ಲ' ಎಂಬ ಶ್ಲೇಷೆ!). ನನಗೆ ತುಂಬಾ ಇಷ್ಟವಾದದ್ದು ಕೆಂಪು ಮೆಣಸಿನಕಾಯಿ. ಮೆಣಸಿನಕಾಯಿ ಬಟ್ಟೆಗೆ ಹುಳ ಹಿಡಿಯದಂತೆ ಕಾಯುತ್ತದಲ್ಲ, ಹಾಗೆಯೇ ಮಗಳ ಹಿಂದೆ 'ಕೆಟ್ಟ ಹುಳಗಳು' ಬೀಳದಂತೆ ಕಾಯಲಿ ಅಂತ. ದೃಷ್ಟಿ ತೆಗೆಯಲು ಮೆಣಸಿನಕಾಯಿ ನಿವಾಳಿಸುವ ನಮ್ಮ ಅಜ್ಜಿಯಂದಿರಿಗೆ ಇದು ಅರ್ಥವಾಗದೆ ಇರುತ್ತದೆಯೇ?

ಇನ್ನು ಬಟ್ಟೆಯ ವಿಷಯ. ಕಿಮೋನೋ ಹೊಲಿಯುವ ರೀತಿಯೇ ಬೇರೆ. ಸುಮಾರು 12 ಮೀಟರ್ ಉದ್ದ, 36-38 ಸೆಂ.ಮೀ. ಅಗಲದ ಒಂದು ಥಾನನ್ನು ಬರೀ ನೇರಗೆರೆಯಲ್ಲಿ ಕತ್ತರಿಸಿ ಹೊಲಿಯುತ್ತಾರೆ. ಒಗೆಯಬೇಕಾದಾಗ ಹೊಲಿಗೆಯನ್ನೆಲ್ಲ ಬಿಚ್ಚಿ, ಪಟ್ಟಿಗಳನ್ನು ತೊಳೆದು, ಹಿಗ್ಗಿಸಿ ಒಣಗಿಸಿ ಮತ್ತೆ ಹೊಲಿಯುತ್ತಿದ್ದರು. ಅಮ್ಮನ ಕಿಮೋನೋ ಮಗಳಿಗೆ ಚಿಕ್ಕದಾಗುತ್ತದೆ, ಆಮೇಲೆ ಒಳಪದರವಾಗುತ್ತದೆ, ಆಮೇಲೆ ಚೀಲ, ಕೊನೆಗೆ ಅಂಗೈಯಗಲದ ಚೂರು. ಕೌದಿ ಹೊಲಿಯುವ ಮನೆಗಳಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಚೂರುಗಳಲ್ಲಿ ಶ್ರೇಷ್ಠವಾದದ್ದು 'ಚಿರಿಮೆನ್' ರೇಷ್ಮೆ. ಕ್ಯೋಟೋದ ಉತ್ತರದ ತಾಂಗೋ ಸೀಮೆಯಲ್ಲಿ 1720ರಲ್ಲಿ ಕಿನುಯಾ ಸಾಹೆಯ್‌ಜಿ ಎಂಬಾತ ಅದರ ನೇಯ್ಗೆ ಆರಂಭಿಸಿದ. ಹಾಸಿನ ನೂಲಿಗೆ ಹುರಿ ಇಲ್ಲ, ಹೊಕ್ಕಿನ ನೂಲಿಗೆ ಮೀಟರಿಗೆ ಸುಮಾರು 3000 ಸುತ್ತಿನ ಬಿಗಿ ಹುರಿ, ಅದೂ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ. ನೇಯ್ದ ಮೇಲೆ ಕುದಿಸಿ ರೇಷ್ಮೆಯ ಅಂಟು ತೆಗೆದಾಗ ಆ ಹುರಿ ಬಿಚ್ಚಿಕೊಳ್ಳಲು ಹೋಗಿ ಬಟ್ಟೆಯ ಮೈಯೆಲ್ಲ ಸಣ್ಣ ಸಣ್ಣ ನಿರಿಗೆ ಏಳುತ್ತದೆ. ಈ ನಿರಿಗೆಯಿಂದಾಗಿ ಬಟ್ಟೆ ಸ್ವಲ್ಪ ಹಿಗ್ಗುತ್ತದೆ. ಪೀಚ್ ಹಣ್ಣಿನ ಉಬ್ಬು, ಮಗುವಿನ ಕೆನ್ನೆಯ ಗುಂಡು ಸುಕ್ಕಿಲ್ಲದೆ ಕೂರುತ್ತದೆ. ಬೇರೆ ರೇಷ್ಮೆಯಲ್ಲಿ ಅದು ಬರುವುದಿಲ್ಲ. ಅಂದ ಹಾಗೆ ನಮ್ಮ ಮೈಸೂರು ಕ್ರೇಪ್ ಸಿಲ್ಕ್ ಸೀರೆಯ ಗುಟ್ಟೂ ಇದೇ ಬಿಗಿ ಹುರಿ. ಹರಿದ ಸೀರೆಯಿದ್ದರೆ ಎಸೆಯಬೇಡಿ ಅಂತ ಹೇಳುವ ಆಸೆ ನನಗೆ.

ಕ್ಯೋಟೋ ಕಡೆಯ ಬಟ್ಟೆ ಅಷ್ಟು ದೂರದ ಸಕಾತಾಕ್ಕೆ ಹೇಗೆ ಹೋಯಿತು? ಹಡಗಿನಲ್ಲಿ. ಯಾಮಾಗಾತಾದ ಕುಸುಬೆ ಹೂವಿನ ಕೆಂಪು ಬಣ್ಣ ಸಕಾತಾ ಬಂದರಿನಿಂದ ಕ್ಯೋಟೋ ಕಡೆಗೆ ಹೋಗುತ್ತಿತ್ತು. ಮರಳಿ ಬರುವ 'ಕಿತಾಮಾಯೆ' ಹಡಗುಗಳಲ್ಲಿ ಹಳೇ ಬಟ್ಟೆ, ಹಿನಾ ಗೊಂಬೆ ಬರುತ್ತಿದ್ದವು. ಕುಸುಬೆ ಬೆಳೆದವರ ಊರಿಗೇ ಅದರ ಬಣ್ಣ ಹಳೇ ಬಟ್ಟೆಯಾಗಿ ವಾಪಸ್ಸು.

ಇಷ್ಟೆಲ್ಲ ಇದ್ದೂ ಇನಾತೊರಿಯಲ್ಲಿ ಹಳೇ ತೂಗುಗೊಂಬೆಗಳು ಉಳಿದಿರುವುದು ತೀರಾ ಅಪರೂಪ. ಕಾರಣ ಕೇಳಿದರೆ ಮನಸ್ಸು ಕಲಕುತ್ತದೆ. ಮಗಳು ಬೆಳೆದು ದೊಡ್ಡವಳಾದಾಗ, ಇಲ್ಲವೇ ಮದುವೆಯಾಗಿ ಹೋಗುವಾಗ, ಅವಳ ತೂಗುಗೊಂಬೆಗಳನ್ನು 'ದೊಂದೊಯಾಕಿ' ಬೆಂಕಿಗೆ ಹಾಕುತ್ತಿದ್ದರು. ಜನವರಿ ಮಧ್ಯದಲ್ಲಿ, ನಮ್ಮ ಸಂಕ್ರಾಂತಿಯ ಆಸುಪಾಸಿನಲ್ಲೇ, ಹೊಸವರ್ಷದ ಅಲಂಕಾರಗಳನ್ನು ಸುಡುವ ಬೆಂಕಿ ಅದು. ಮಗು ಬದುಕಿ ಬೆಳೆಯಿತು, ಹರಕೆ ತೀರಿತು. ಹಬ್ಬ ಚೆನ್ನಾಗಿ ನಡೆದಷ್ಟೂ ಚರಿತ್ರೆಗೆ ಪುರಾವೆ ಕಡಿಮೆಯಾಗುತ್ತಾ ಹೋಯಿತು. ಅರಮನೆಯ ಗೊಂಬೆಗಳು ಮ್ಯೂಸಿಯಂ ಸೇರಿದವು, ಬೆಸ್ತರ ಮನೆಯ ಹೆಂಗಸರ ಹೊಲಿಗೆ ಬೂದಿಯಾಯಿತು. ಇದಕ್ಕೆ ಯಾರನ್ನೂ ದೂರುವಂತಿಲ್ಲ, ಅವರೇ ಸಂತೋಷದಿಂದ ಸುಟ್ಟದ್ದು.

ಉಳಿದದ್ದನ್ನು ಯುದ್ಧ ಮುಗಿಸಿತು. 1940ರ ಜುಲೈ 7ರಂದು ಐಷಾರಾಮಿ ವಸ್ತುಗಳ ತಯಾರಿಕೆ, ಮಾರಾಟಕ್ಕೆ ನಿಷೇಧ ಬಂತು. 1942ರಿಂದ ಬಟ್ಟೆಗೂ ರೇಷನ್. ಸೋತ ಮೇಲೆ ಪಟ್ಟಣದ ಹೆಂಗಸರು ರೈಲು ಹತ್ತಿ ಹಳ್ಳಿಗೆ ಹೋಗಿ ಕಿಮೋನೋ ಕೊಟ್ಟು ಅಕ್ಕಿ ತಂದರು. ಇದಕ್ಕೆ 'ಬಿದಿರು ಕಳಲೆಯ ಬದುಕು' ಅಂತ ಹೆಸರು. ಕಳಲೆಯ ಸಿಪ್ಪೆ ಒಂದೊಂದೇ ಸುಲಿದಂತೆ ಬಟ್ಟೆ ಒಂದೊಂದೇ ಹೋಗುತ್ತಿತ್ತಂತೆ. ಅಂಥ ಕಾಲದಲ್ಲಿ ಚೂರು ಬಟ್ಟೆಯಲ್ಲಿ ಮಂಗ ಹೊಲಿಯುತ್ತಾ ಕೂರುವವರು ಯಾರು?

1990ರ ದಶಕದಲ್ಲಿ ಇನಾತೊರಿಯ ಮಹಿಳಾ ಸಂಘದವರು ಮತ್ತೆ ಹೊಲಿಯಲು ಕೂತರು. 1998ರಿಂದ ಅಲ್ಲಿ ಪ್ರತಿ ಚಳಿಗಾಲ ಇದಕ್ಕೆಂದೇ ಉತ್ಸವ ನಡೆಯತೊಡಗಿತು. ಬಿಸಿನೀರಿನ ಬುಗ್ಗೆಗಳ ಊರು, ಪ್ರವಾಸಿಗರು ಬರಲಿ ಅನ್ನುವ ಲೆಕ್ಕಾಚಾರವೂ ಇದ್ದೇ ಇರುತ್ತದೆ. 'ಇದೆಲ್ಲ ಟೂರಿಸಂ, ನಿಜವಾದ ಸಂಪ್ರದಾಯವಲ್ಲ' ಎಂದು ಮೂಗು ಮುರಿಯುವವರ ಜತೆ ನಾನಿಲ್ಲ. ಈಗ ಮಾಡಿದ್ದನ್ನು ಸುಡದೆ ಇಟ್ಟುಕೊಳ್ಳುತ್ತಾರೆ, ಅಷ್ಟಾದರೂ ಲಾಭವೇ.

ಹಳೇ ಬಟ್ಟೆಯಲ್ಲೇ ಹೊಲಿಯಬೇಕೆನ್ನುವವರು ಕ್ಯೋಟೋದ ತೋಜಿ ದೇಗುಲದ 21ನೇ ತಾರೀಖಿನ ಸಂತೆಗೆ, ಕಿತಾನೊದ 25ರ ಸಂತೆಗೆ ಹೋಗಿ ಚೂರುಗಳ ಕಟ್ಟು ಹುಡುಕುತ್ತಾರೆ. ಕುಸುಬೆಯ ಕೆಂಪು ಸಿಕ್ಕರೆ ಬಿಸಿಲಿಗೆ ಬೀಳದ ಜಾಗದಲ್ಲಿ ತೂಗಬೇಕು, ಬೇಗ ಮಾಸುತ್ತದೆ. ಕಬ್ಬಿಣ ಹಾಕಿ ಬಣ್ಣ ಕಟ್ಟಿದ ಹಳೇ ಕಪ್ಪು ರೇಷ್ಮೆಯನ್ನಂತೂ ಮುಟ್ಟದಿರುವುದೇ ವಾಸಿ. ಆ ಕಬ್ಬಿಣ ನೂಲನ್ನು ಒಳಗಿಂದಲೇ ತಿಂದಿರುತ್ತದೆ, ಸೂಜಿ ಚುಚ್ಚಿದಲ್ಲೇ ಬಿರುಕು ಬಿಡುತ್ತದೆ.