ಹಳಿ ಪಕ್ಕದ ಕೇರಿ



ನಮ್ಮ ಹುಡುಗ್ರು ಹೊಸಪೇಟೆ–ಹರಿಹರ ರೈಲಿನ ಮುಂದೆ ನಿಂತು ಸೆಲ್ಫಿ ಹಾಕ್ತಾರೆ. ಸಂತೋಷ. ಆದ್ರೆ ಈ ಹಳಿ ಕೆಳಗಿನ ಮಣ್ಣು ಹೊತ್ತವರು ಯಾರು ಅಂತ ಯಾರೂ ಕೇಳಲ್ಲ.

1876–78ರ ಬರದಲ್ಲಿ ಬಳ್ಳಾರಿ ಸೀಮೆ ಜನ ಅನ್ನ ಇಲ್ಲದೆ ಸತ್ತರು. ಬರ ಬಿದ್ದಾಗ ಕಾಳು ಸಾಗಿಸೋಕೆ ರೈಲು ಬೇಕು ಅನ್ನೋ ಮಾತು ಆಮೇಲೆ ಸರ್ಕಾರದಲ್ಲಿ ಬಲವಾಯ್ತು. ಆಗ ನಾವು ಮದ್ರಾಸ್ ಪ್ರಾಂತ್ಯದವರು. 1905ರಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಹೊಸಪೇಟೆಯಿಂದ ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿ ದಾಟಿ ಕೊಟ್ಟೂರಿಗೆ ಬಂತು. ಅಲ್ಲಿಗೇ ಹಳಿ ಮುಗೀತಿತ್ತು.

ನಮ್ಮ ಮುತ್ತಜ್ಜ ಆ ಹಳಿಗೆ ಮಣ್ಣು ಹೊತ್ತವ. ಅಜ್ಜ ಗ್ಯಾಂಗ್‌ಮನ್. ಸ್ಟೇಷನ್ ಹತ್ರ ನಾಕು ಗುಡಿಸ್ಲು ಹಾಕ್ಕೊಂಡ್ರು. ಹತ್ತಿ, ಶೇಂಗಾ ಚೀಲ ಹೊರೋ ಹಮಾಲರು ಬಂದು ಸೇರ್ಕೊಂಡ್ರು. ಹಿಂಗೇ ಕೇರಿ ಬೆಳೀತು. ಗೌಡರ ಅಂಗಳದಲ್ಲಿ ನಿಂತು ಆಯ ಕೇಳೋದು ತಪ್ಪಿ, ತಿಂಗಳಾದ್ರೆ ಕೈಗೆ ರೊಕ್ಕ ಬರೋಕೆ ಶುರುವಾಯ್ತು. "ಸಂಬಳಕ್ಕೆ ಜಾತಿ ಇಲ್ಲೋ ತಮ್ಮಾ" ಅಂತಿದ್ದ ಅಜ್ಜ. ಆ ಸಂಬಳದಲ್ಲೇ ನಮ್ಮಪ್ಪ ಸಾಲಿ ಕಲಿತ. ನಾನು ಬಿ.ಎ. ಮಾಡಿ ಗುಮಾಸ್ತನಾಗಿದ್ದೂ ಅದರಿಂದ್ಲೇ.

ಹಂಗಂತ ರೈಲು ಜಾತಿ ಅಳಿಸ್ತು ಅಂತಲ್ಲ. 1901ರಲ್ಲಿ ಬಾಲಕ ಭೀಮರಾವ್ ಅಪ್ಪನನ್ನ ನೋಡಕ್ಕಂತ ಅಣ್ಣನ ಜೊತೆ ಮಸೂರು ಸ್ಟೇಷನ್ನಿನಲ್ಲಿ ಇಳಿದ್ರು. ಅದೂ ಇದೇ ಕಂಪನಿಯ ಹಳಿ. ಟಿಕೆಟ್ ಇತ್ತು, ಮೈಮೇಲೆ ಒಳ್ಳೇ ಬಟ್ಟೆ ಇತ್ತು. ಮಹಾರರು ಅಂತ ಗೊತ್ತಾದ ಕೂಡ್ಲೇ ಸ್ಟೇಷನ್ ಮಾಸ್ತರ್ ಹಿಂದೆ ಸರಿದ. ಬಂಡಿಯವರು ಯಾರೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಮಕ್ಕಳೇ ಬಂಡಿ ಹೊಡ್ಕೊಂಡು ಹೋದ್ರು. ಬಾಬಾಸಾಹೇಬರೇ ಇದನ್ನ ಬರೆದಿದ್ದಾರೆ. ರೈಲು ಎಲ್ಲರನ್ನೂ ಹತ್ತಿಸಿಕೊಂಡ್ತು. ಇಳಿದ ಮೇಲಿನ ಊರು ಮಾತ್ರ ಬದಲಾಗಿರಲಿಲ್ಲ.

ತೊಂಬತ್ತರ ದಶಕದಲ್ಲಿ ಬ್ರಾಡ್‌ಗೇಜ್ ಮಾಡ್ತೀವಿ ಅಂತ ನಮ್ಮ ರೈಲು ನಿಲ್ಲಿಸಿದ್ರು. ಪ್ಯಾಸೆಂಜರ್ ಮತ್ತೆ ಬಂದದ್ದು 2019ರಲ್ಲಿ. ಆ ಎರಡು ದಶಕದಾಗೆ ನಮ್ಮ ಕೇರಿಯ ಎಷ್ಟೋ ಮನೆಯವರು ಬೆಂಗಳೂರಿಗೆ ಗುಳೆ ಹೋದ್ರು. ಈಗ ರೈಲು ಐತಿ, ಕೇರಿ ಅರ್ಧ ಖಾಲಿ.

ಕಂಪನಿ ಹೆಸ್ರು ಪುಸ್ತಕದಾಗೆ ಐತಿ. ಗುದ್ದಲಿ ಹಿಡಿದವರ ಹೆಸ್ರು ಎಲ್ಲೂ ಇಲ್ಲ. ನಿಮ್ಮ ಮನೇಲಿ ಗ್ಯಾಂಗ್‌ಮನ್, ಹಮಾಲಿ ಮಾಡಿದ ಹಿರಿಯರಿದ್ರೆ ಇವತ್ತೇ ಕೂತು ಅವರ ಮಾತು ಬರ್ಕೊಳ್ಳಿ. ಹಳೇ ಪಾಸು, ಬಿಲ್ಲೆ ಸಿಕ್ರೆ ಜೋಪಾನ ಮಾಡಿ. ನಮ್ಮ ಚರಿತ್ರೆ ನಾವೇ ಬರೀಬೇಕು.