ವಂಶವೃಕ್ಷದಲ್ಲಿ ಇಲ್ಲದವರು

ಶಿವಮೊಗ್ಗದ ಸವಳಂಗ ರಸ್ತೆ ಕಡೆ ಮನೆ ಮಾಡಿಕೊಂಡಿರೋರನ್ನ ‘ನಿಮ್ಮ ಮೂಲ ಯಾವೂರು?’ ಅಂತ ಕೇಳಿ ನೋಡಿ. ಸಾಗರ, ಹೊಸನಗರ, ಹೊನ್ನಾಳಿ, ಶಿಕಾರಿಪುರ, ಹೀಗೆ ಥಟ್ಟನೆ ಉತ್ತರ ಬರುತ್ತೆ. ‘ಆ ಊರು ಯಾಕೆ ಬಿಟ್ಟಿರಿ?’ ಅಂತ ಕೇಳಿದ್ರೆ ಮಾತ್ರ ನಮ್ಮ ವಯಸ್ಸಿನವರು ಅಪ್ಪನ ಮುಖ ನೋಡ್ತೀವಿ.

ನಮಗೆ ವಂಶವೃಕ್ಷ ಅಂದ್ರೆ ನಾಡಕಚೇರಿಯಲ್ಲಿ ಕೊಡೋ ಒಂದು ಹಾಳೆ. ಪೌತಿ ಖಾತೆ ಮಾಡಿಸೋವಾಗ ಅದು ನೆನಪಾಗುತ್ತೆ. ಆಸ್ತಿಗೆ ಯಾರು ವಾರಸುದಾರರು ಅನ್ನೋದಷ್ಟೇ ಅದಕ್ಕೆ ಬೇಕು. ಹಿಂದೆ ಈ ಕೆಲಸ ಹೆಳವರದ್ದಾಗಿತ್ತು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಮನೆ ಮುಂದೆ ನಿಂತು, ಆ ಮನೆತನದ ಮೂಲ ಊರು, ಬೆಡಗು, ಹಿರಿಯರ ಹೆಸರು ಹೇಳಿ ದವಸ ಪಡೀತಿದ್ರು. ಅವರು ಹೇಳ್ತಿದ್ದದ್ದು ಬರೀ ಹೆಸರಲ್ಲ, ಯಾರು ಎಲ್ಲಿಂದ ಎಲ್ಲಿಗೆ ಹೋದ್ರು ಅನ್ನೋ ಕಥೆ.

ಆ ಕಥೆ ಈಗ ಇರೋದು ಮನೆಯ ಹಿರಿಯರ ಹತ್ರ. ಆದ್ರೆ ಅವರು ಇಸವಿ ಹೇಳಲ್ಲ, ಘಟನೆ ಹೇಳ್ತಾರೆ. ‘ಅಜ್ಜ ಬೆಂಕಿಪುರಕ್ಕೆ ದುಡಿಯೋಕೆ ಹೋಗಿದ್ದ’ ಅಂದ್ರೆ ಅದು ಭದ್ರಾವತಿ. ಬೆಂಕಿಪುರ ಆ ಊರಿನ ಹಳೇ ಹೆಸರು. ಅಲ್ಲಿನ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ. ‘ಮುಳುಗಡೆ’ ಅಂದ್ರೆ ಶರಾವತಿ. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ. ಎರಡು ಸಲ ಮನೆ ಕಳ್ಕೊಂಡ ಕುಟುಂಬಗಳೂ ಇವೆ. ಅವರು ಹೇಳೋ ಘಟನೆ ಪಕ್ಕ ಈ ಇಸವಿಗಳನ್ನಿಟ್ರೆ ಮನೆಯ ಚರಿತ್ರೆ ಒಂದು ಸಾಲಿಗೆ ಬರುತ್ತೆ.

ನಮ್ಮಪ್ಪನ ಶಾಲೆ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. ಆ ಕಾಲದಲ್ಲಿ ಅರ್ಧ ಊರಿಗೇ ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ ಅದು. ನಿಜವಾದ ವರ್ಷ ತಿಳಿಯೋಣ ಅಂತ ಅಜ್ಜಿಯನ್ನ ಕೇಳಿದೆ. ‘ಮುಳುಗಡೆಗೆ ಊರು ಬಿಟ್ಟಾಗ ನಿಮ್ಮಪ್ಪ ಕಂಕುಳಲ್ಲಿದ್ದ, ಅವನಕ್ಕನ್ನ ಅಲ್ಲೇ ಬಿಟ್ಟು ಬಂದ್ವಿ’ ಅಂದ್ರು. ಅಪ್ಪನಿಗೊಬ್ಬಳು ಅಕ್ಕ ಇದ್ದದ್ದು ನನಗೆ ಗೊತ್ತಾಗಿದ್ದೇ ಆಗ. ಜ್ವರ ಬಂದು ಮೂರನೇ ವರ್ಷಕ್ಕೇ ತೀರಿಕೊಂಡಿದ್ದಳಂತೆ. ಅವಳನ್ನ ಮಣ್ಣು ಮಾಡಿದ ಜಾಗ ಈಗ ನೀರಿನಡಿ ಇದೆ. ಅಜ್ಜಿ ಇಷ್ಟು ವರ್ಷ ಒಂದು ಸಲವೂ ಹಿನ್ನೀರು ನೋಡೋಕೆ ಯಾಕೆ ಬರಲಿಲ್ಲ ಅನ್ನೋದಕ್ಕೆ ಉತ್ತರ ಸಿಕ್ತು. ನಾಡಕಚೇರಿಯ ಹಾಳೆಯಲ್ಲಿ ಅವಳಿಗೆ ಜಾಗವಿಲ್ಲ. ಅವಳಿಗೆ ವಾರಸುದಾರರೂ ಇಲ್ಲ, ಆಸ್ತಿಯೂ ಇಲ್ಲ.

ಹೀಗೆ ಬಿಟ್ಟುಹೋದವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಡೋ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಅದಕ್ಕೂ ಮುಂಚಿನ ಎಷ್ಟೋ ಮನೆಗಳ ವಂಶವೃಕ್ಷದಲ್ಲಿ ಗಂಡಸರದ್ದೇ ಸಾಲು. ಇನ್ನೊಂದು ಕಡೆ, ಮುಳುಗಡೆಯಾಗಿ ಅರವತ್ತು ವರ್ಷವಾದ್ರೂ ಹಕ್ಕುಪತ್ರಕ್ಕಾಗಿ ಓಡಾಡೋ ಕುಟುಂಬಗಳಿವೆ. ಅವರಿಗೆ ಅಜ್ಜ ಎಲ್ಲಿಂದ ಬಂದ ಅನ್ನೋದು ಬರೀ ಕುತೂಹಲದ ವಿಷಯವಲ್ಲ, ಕೂತಿರೋ ನೆಲದ ಪ್ರಶ್ನೆ.

ಮುಂದಿನ ಸಲ ಊರಿಗೆ ಹೋದಾಗ ಫೋನಿನ ರೆಕಾರ್ಡರ್ ಆನ್ ಮಾಡಿ, ಅವರಿಗೆ ಹೇಳಿಯೇ. ‘ನಮ್ಮ ಮುತ್ತಜ್ಜನ ಹೆಸರೇನು?’ ಅನ್ನೋದರ ಜೊತೆ ‘ಯಾವ ಊರಿಂದ ಬಂದ್ರಿ, ಬರೋವಾಗ ಏನು ತಂದ್ರಿ, ಯಾರನ್ನ ಬಿಟ್ಟು ಬಂದ್ರಿ?’ ಅಂತಲೂ ಕೇಳಿ. ಪಹಣಿ, ಹಳೇ ಕ್ರಯಪತ್ರ ನಾಳೆಯೂ ಸಿಗುತ್ತೆ. ಅಜ್ಜಿ ಹತ್ರ ಮೊದಲು ಹೋಗಿ.