ಹೇಮಾವತಿಯ ಹಳೆ ತೆಪ್ಪ, ಹೊಸ ನೀರು

ಮೊದಲ ಸಲ ತೆಪ್ಪ ಕೊಂಡವರು ಅದನ್ನು ಟೆಂಪೋಗೆ ಕಟ್ಟಿಕೊಂಡು ನಮ್ಮ ಮನೆ ಮುಂದೆ ತಂದು ಇಳಿಸುತ್ತಾರೆ. ಅರಕಲಗೂಡಿನವರು ಬರುತ್ತಾರೆ, ಹಾಸನದವರು ಬರುತ್ತಾರೆ, ಈಚೆಗೆ ಕೆರೆಯಲ್ಲಿ ಮೀನುಮರಿ ಬಿಟ್ಟ ಚನ್ನರಾಯಪಟ್ಟಣದ ಕಡೆಯ ಹುಡುಗರೂ ಬರುತ್ತಾರೆ. "ಮಾವ, ಜಾಸ್ತಿ ಓಡ್ಸಿಲ್ಲ ಅಂತ ಕೊಟ್ಟವ್ರೆ, ಒಸಿ ನೋಡಿ" ಅನ್ನುತ್ತಾರೆ. ನಾನು ಮೊದಲು ಕೇಳುವುದು, "ಯಾವ ನೀರಲ್ಲಿ ಓಡ್ಸಿದ್ದಪ್ಪ? ನೀನು ಯಾವ ನೀರಿಗೆ ಬಿಡ್ತೀಯ?" ಅಂತ. ನಮ್ಮ ತಾತನ ಕಾಲದಲ್ಲಿ ಹೀಗೆ ಕೇಳುವ ಅಗತ್ಯವೇ ಇರಲಿಲ್ಲ. ಆಗ ನಮಗಿದ್ದದ್ದು ಹೇಮಾವತಿ ಹೊಳೆ ಒಂದೇ.

ಹೊಳೆನರಸೀಪುರದಿಂದ ಕೆಳಕ್ಕೆ ಒಂದು ಕಡವಿನಲ್ಲಿ ತಾತ ಹರಿಗೋಲು ಹಾಕುತ್ತಿದ್ದರು. ಆಚೆ ದಡದ ಊರಿನವರಿಂದ ದುಡ್ಡು ಈಸಿಕೊಳ್ಳುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ರಾಗಿ, ಭತ್ತ ಅಳೆಸಿಕೊಂಡು ಬರುತ್ತಿದ್ದರು. ಆ ಕಾಳಿಗೆ ಪ್ರತಿಯಾಗಿ ಅವರು ಕೊಡಬೇಕಿದ್ದದ್ದು ಒಂದೇ, ಮುಳುಗದ ತಳ. ಸೇತುವೆಗಳು ಬಂದ ಮೇಲೆ ಕಡವು ನಿಂತಿತು, ಮೀನಿನ ಕಸುಬು ಉಳಿಯಿತು.

ನಾವು ತೆಪ್ಪ, ಹರಿಗೋಲು ಅನ್ನುವ ಈ ಗುಂಡು ದೋಣಿಯ ಇತಿಹಾಸ ಸಣ್ಣದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆ ದಾಟಿಸುವ ಬುಟ್ಟಿಯಂಥ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ: ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತವೆ. 1800ರಲ್ಲಿ ಬ್ರಿಟಿಷರ ವಿರುದ್ಧ ನಿಂತ ಧೋಂಡಿಯಾ ವಾಘ್‌ನ ಬೆನ್ನುಹತ್ತಿದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಮಳೆಗಾಲದ ಹೊಳೆಗಳನ್ನು ದಾಟಿದ್ದೂ ಇಂಥ ಬುಟ್ಟಿದೋಣಿಗಳಲ್ಲೇ. ನಮ್ಮ ಕಾಲಕ್ಕೆ ತೊಗಲು ಹೋಗಿ ಪ್ಲಾಸ್ಟಿಕ್ ಚೀಲ, ಡಾಂಬರು ಬಂದವು. ಬಿದಿರಿನ ಹೆಣಿಗೆ ಮಾತ್ರ ಹಾಗೇ ಉಳಿದಿದೆ.

ಹಳೆ ತೆಪ್ಪದ ಪರೀಕ್ಷೆಯೂ ತಾತನ ಕಾಲದ್ದೇ. ಮಧ್ಯಾಹ್ನದ ಬಿಸಿಲಲ್ಲಿ ತೆಪ್ಪವನ್ನು ಬೋರಲು ಹಾಕಿ, ಒಂದು ಅಂಚಿಗೆ ಕಲ್ಲು ಕೊಟ್ಟು, ಒಳಗೆ ತೂರಿ ಅಂಗಾತ ಮಲಗಬೇಕು. ಡಾಂಬರು ಬಿರಿದ ಕಡೆಯೆಲ್ಲ ಬೆಳಕು ಸೂಜಿಮೊನೆಯಷ್ಟು ಕಾಣುತ್ತದೆ. ಅಲ್ಲಿಗೆಲ್ಲ ಒಳಗಿನಿಂದ ಸುಣ್ಣದ ಬೊಟ್ಟಿಡಬೇಕು. ಆಮೇಲೆ ದಬ್ಬೆಗಳನ್ನು ಒಂದೊಂದಾಗಿ ಉಗುರಿನಿಂದ ಒತ್ತಿ ನೋಡಬೇಕು. ಬಿಳಿ ಪುಡಿ ಉದುರಿದರೆ ಕುಟ್ಟೆ ಹಿಡಿದಿದೆ ಎಂದೇ ಲೆಕ್ಕ. ಮೇಲೆ ಎಷ್ಟು ಡಾಂಬರು ಬಳಿದರೂ ಆ ದಬ್ಬೆ ಒಂದು ದಿನ ನಡುನೀರಿನಲ್ಲಿ ಮುರಿಯುತ್ತದೆ. ಬಿದಿರಿನೊಳಗಿನ ಪಿಷ್ಟವೇ ಆ ಹುಳಕ್ಕೆ ಊಟ. ಅದಕ್ಕೇ ಹಿರಿಯರು ಕಡಿದ ಬಿದಿರನ್ನು ವಾರಗಟ್ಟಲೆ ಹೊಳೆಯಲ್ಲಿ ನೆನೆಹಾಕಿ, ಪಿಷ್ಟ ಕೊಳೆತು ಹೋದ ಮೇಲೆ ಸೀಳುತ್ತಿದ್ದರು. ಈಗಿನ ಅವಸರದಲ್ಲಿ ಅದನ್ನು ಬಿಟ್ಟವರೇ ಹೆಚ್ಚು. ಅಂಚಿನ ಹೆಣಿಗೆ ಸಡಿಲವಾಗಿದ್ದರಂತೂ ನಾನು ದುರಸ್ತಿ ಮಾಡಿಕೊಡುವುದಿಲ್ಲ. ಅಂಚು ಬಿಟ್ಟರೆ ತೆಪ್ಪ ಅಗಲಿಸಿಕೊಂಡು ನೀರು ಕುಡಿಯುತ್ತದೆ. ಇನ್ನು ಭಾರ ಹಾಕಿದ ಮೇಲೂ ನೀರಿಗೂ ಅಂಚಿಗೂ ನಡುವೆ ಒಂದು ಗೇಣು ಉಳಿಯಬೇಕು.

ಇಷ್ಟು ಸರಿಯಿದ್ದರೆ ಹೊಳೆಗೆ ಸಾಕಿತ್ತು. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ಇದು ಸಾಲದಾಯಿತು. 2922 ಅಡಿಗೆ ನೀರು ನಿಂತರೆ 37 ಟಿಎಂಸಿ. ಎಡದಂಡೆ ನಾಲೆಯಲ್ಲಿ ಚನ್ನರಾಯಪಟ್ಟಣಕ್ಕೆ, ಬಾಗೂರು-ನವಿಲೆ ಸುರಂಗ ದಾಟಿ ತುಮಕೂರಿನ ಕಡೆಗೆ ಹೋಗುವುದು ಇದೇ ನೀರು. ಅದೇ ತೆಪ್ಪ, ಅದೇ ಹುಟ್ಟು ಹಿಡಿದು ನಮ್ಮವರು ಹಿನ್ನೀರಿಗೆ ಇಳಿದರು. ಹೊಳೆಯಲ್ಲಿ ಸೆಳವು ನೋಡಿಕೊಂಡು ಮೇಲಿನಿಂದ ಬಿಟ್ಟರೆ ನೀರೇ ಆಚೆ ದಡಕ್ಕೆ ಒಯ್ಯುತ್ತಿತ್ತು. ಹಿನ್ನೀರಿನಲ್ಲಿ ಸೆಳವಿಲ್ಲ, ಗಾಳಿಯಿದೆ. ತಳದಲ್ಲಿ ಏಣಿಲ್ಲದ ಗುಂಡು ತೆಪ್ಪವನ್ನು ಆಷಾಢದ ಗಾಳಿ ಎತ್ತ ಬೇಕಾದರೂ ನೂಕುತ್ತದೆ. ಗಣೆ ಹಾಕೋಣವೆಂದರೆ ನೆಲ ಸಿಗುವುದಿಲ್ಲ. ಹೊಳೆಯಲ್ಲಿ ಪಳಗಿದ ಕೈಗೂ ಇಲ್ಲಿ ಹೊಸದಾಗಿ ಕಲಿಯಬೇಕಾಯಿತು. ಆ ಕಲಿಕೆಗೆ ತೆತ್ತ ಬೆಲೆ ನಮ್ಮ ಕೇರಿಯ ಮನೆಗಳಿಗೆ ಗೊತ್ತು.

ಈಗ ಹುಡುಗರು ಮೋಟರಿನ ಮಾತಾಡುತ್ತಾರೆ. ತೆಪ್ಪಕ್ಕೆ ಮೋಟರು ಹೊಂದುವುದಿಲ್ಲ. ಅದನ್ನು ಬಿಗಿಯಲು ಹಿಂಬದಿಯ ಹಲಗೆಯಿಲ್ಲ, ಒಂದು ಕಡೆಯಿಂದ ನೂಕಿದರೆ ತೆಪ್ಪ ಸುತ್ತುತ್ತದೆ. ಕರಾವಳಿಯಿಂದ ಹಳೆಯ ಫೈಬರ್ ದೋಣಿ ತರುವುದಾದರೆ ಮೋಟರು ಕೂರುವ ಆ ಹಲಗೆಯನ್ನೇ ಮೊದಲು ಮರದ ಸುತ್ತಿಗೆಯಿಂದ ತಟ್ಟಿ ನೋಡಿ. ದಪದಪ ಅಂದರೆ ಒಳಗಿನ ಮರ ಕೊಳೆತಿರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂತಿರುತ್ತದೆ. ಅದು ಹೋಗುವವರೆಗೂ ಮೋಟರು ಶುರು ಮಾಡಬೇಡಿ. ಜನರನ್ನು ಕೂರಿಸಿ ದುಡಿಯುವ ಆಸೆಯಿದ್ದರೆ 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಆದದ್ದನ್ನು ತಿಳಿದುಕೊಳ್ಳಿ. ಮೀನಿನ ದೋಣಿಯನ್ನು ಪ್ರವಾಸಿ ದೋಣಿಯಾಗಿ ಮಾರ್ಪಡಿಸಿ, ಮಿತಿಮೀರಿ ಜನ ಹತ್ತಿಸಿದ್ದರು. 22 ಜೀವ ಹೋಯಿತು, ಅದರಲ್ಲಿ ಮಕ್ಕಳೂ ಇದ್ದರು.

1917ರ ಒಳನಾಡು ನಾವೆಗಳ ಕಾಯ್ದೆ ಹುಟ್ಟಿದ್ದು ಉಗಿ ದೋಣಿಗಳಿಗಾಗಿ. ನಮ್ಮ ತೆಪ್ಪ ಅದರ ಲೆಕ್ಕದಲ್ಲೇ ಇರಲಿಲ್ಲ. ಅದರ ಜಾಗಕ್ಕೆ ಬಂದ 2021ರ ಕಾಯ್ದೆಯಲ್ಲಿ ಯಂತ್ರವಿಲ್ಲದ ನಾವೆಗಳಿಗೂ ಒಂದು ಅಧ್ಯಾಯವಿದೆ, ಸ್ಥಳೀಯ ಮಟ್ಟದಲ್ಲಿ ದಾಖಲಿಸುವ ಮಾತಿದೆ. ದಾಖಲಿಸುವ ದಿನ ಬಿಸಿಲಲ್ಲಿ ತೆಪ್ಪ ಬೋರಲು ಹಾಕಿ ನೋಡಬಲ್ಲ ಒಬ್ಬ ಬೆಸ್ತರವನನ್ನೂ ಜೊತೆಗೆ ಕೂರಿಸಲಿ ಎಂಬುದು ನನ್ನ ಬೇಡಿಕೆ.

ಹೊಸದಾಗಿ ಕೊಂಡವರಿಗೆ ಇನ್ನೊಂದು ಕೆಲಸ ಹೇಳಿ ಕಳಿಸುತ್ತೇನೆ. ಬೇಸಿಗೆಯಲ್ಲಿ ಹಿನ್ನೀರು ಇಳಿದು, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಶೆಟ್ಟಿಹಳ್ಳಿಯ ಇಗರ್ಜಿ ಪೂರ್ತಿ ಹೊರಗೆ ಬಂದಿರುತ್ತದೆಯಲ್ಲ, ಆಗ ತೆಪ್ಪ ಮನೆಯಲ್ಲಿ ಬಿಟ್ಟು ಆ ನೆಲದ ಮೇಲೆ ನಡೆಯಿರಿ. ಮುಳುಗಿದ ಊರಿನ ಗೋಡೆ ಎಲ್ಲಿದೆ, ಮರದ ಬೊಡ್ಡೆ ಎಲ್ಲಿ ನಿಂತಿದೆ ನೋಡಿಕೊಳ್ಳಿ. ಮಳೆ ಬಂದು ನೀರು ಏರಿದಾಗ ನಿಮ್ಮ ತಳ ಹರಿಯುವುದು ಅವುಗಳಿಂದಲೇ.